ರಿಲೇ ಪಿನ್‌ಬಾಲ್ ತರಲಾ, ಬೋರ್ಡ್ ಪಿನ್‌ಬಾಲ್ ತರಲಾ?

ಮಂಡಕ್ಕಿಭಟ್ಟಿ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಹಳೇ ರೇಡಿಯೊ, ಗ್ರಾಮಫೋನ್ ಕೂಡಿಹಾಕುವ ಚಟ ಇದೆ. ಪಿನ್‌ಬಾಲ್, ಅಂದರೆ ಓರೆ ಹಲಗೆಯ ಮೇಲೆ ಉಕ್ಕಿನ ಚೆಂಡು ಹೊಡೆದು ಅಂಕ ಗಳಿಸುವ ಆಟದ ಮೆಷಿನ್, ಮಾತ್ರ ಇನ್ನೂ ಮನೆಗೆ ಬಂದಿಲ್ಲ. ಈಗ ಕರಾವಳಿ ಕಡೆಯ ಹಳೇ ಸಾಮಾನಿನ ವ್ಯಾಪಾರಿಯೊಬ್ಬರ ಗೋಡೌನ್‌ನಲ್ಲಿ ಎರಡು ಸಿಕ್ಕಿವೆ. ಎರಡೂ ಅಮೆರಿಕದ ಬ್ಯಾಲಿ ಕಂಪನಿಯವು. ಒಂದು 1976ರ ‘ಕ್ಯಾಪ್ಟನ್ ಫೆಂಟಾಸ್ಟಿಕ್’. ಪೂರ್ತಿ ರಿಲೇ, ಅಂದರೆ ಕರೆಂಟಿನಿಂದ ಎಳೆಯುವ ಸ್ವಿಚ್‌ಗಳ ಮೇಲೆ ನಡೆಯುವುದು, ಅಂಕಿಯ ಚಕ್ರಗಳು ಉರುಳುತ್ತವೆ. ಇನ್ನೊಂದು 1977ರ ‘ಏಟ್ ಬಾಲ್’. ಒಳಗೆ ಎಲೆಕ್ಟ್ರಾನಿಕ್ ಬೋರ್ಡುಗಳು, ಮುಂದೆ ಹೊಳೆಯುವ ಕಿತ್ತಳೆ ಅಂಕಿಗಳು. ನಡುವೆ ಒಂದೇ ವರ್ಷದ ಅಂತರ.

ಸದ್ಯಕ್ಕೆ ಎರಡೂ ಆನ್ ಆಗುವುದಿಲ್ಲ. ಬೆಲೆ ಹೆಚ್ಚುಕಮ್ಮಿ ಒಂದೇ. ಮನೆಯಲ್ಲಿ ಜಾಗ ಇರುವುದು ಒಂದಕ್ಕೆ, ಅದೂ ಅಮ್ಮನನ್ನು ಕಾಡಿ ಬೇಡಿ ಪಡೆದದ್ದು. ಯಾವುದು ತರಲಿ? ದಾವಣಗೆರೆಯಲ್ಲೇ ಕೂತು ರಿಪೇರಿ ಮಾಡಿಸೋಕೆ ಆಗುವುದು ಯಾವುದು ಅನ್ನುವುದೇ ನನಗೆ ಮುಖ್ಯ.

ಮಿಲ್ ಎಲೆಕ್ಟ್ರಿಷಿಯನ್

ಯೋಚನೆ ಮಾಡಬೇಡಿ, ಕ್ಯಾಪ್ಟನ್ ತನ್ನಿ.

ನಾನು ಹತ್ತಿ ಮಿಲ್ಲಿನಲ್ಲಿ ಪ್ಯಾನೆಲ್ ನೋಡಿಕೊಂಡು ನಿವೃತ್ತನಾದವನು. ಮೊದಲ ಸಲ ಇಎಂ, ಅಂದರೆ ಎಲೆಕ್ಟ್ರೊಮೆಕ್ಯಾನಿಕಲ್, ರಿಲೇ ಪಿನ್‌ಬಾಲ್‌ನ ತಳ ತೆಗೆದು ನೋಡಿದಾಗ ನನಗೆ ಹೊಸದೇನೂ ಕಾಣಲಿಲ್ಲ. ಮೋಟರ್ ಸ್ಟಾರ್ಟರ್‌ನಲ್ಲಿ ಹಸಿರು ಗುಂಡಿ ಒತ್ತಿ ಬಿಟ್ಟರೂ ಕಾಂಟ್ಯಾಕ್ಟರ್ ಹಿಡಿದುಕೊಂಡೇ ಇರುತ್ತದೆ, ಅಲ್ವಾ? ತನ್ನದೇ ಒಂದು ಕಾಂಟ್ಯಾಕ್ಟ್ ಮೂಲಕ ತನಗೆ ತಾನೇ ಕರೆಂಟ್ ಕೊಟ್ಟುಕೊಳ್ಳುತ್ತದೆ. ಪಿನ್‌ಬಾಲ್‌ನ ರಿಲೇ ಮಾಡುವುದೂ ಅದನ್ನೇ. ಚೆಂಡು ಗುರಿಗೆ ತಾಗಿತು, ರಿಲೇ ಎಳೆಯಿತು, ಹಿಡಿದುಕೊಂಡಿತು. ಅಂಕ ಸೇರಿಸುವ ಸ್ಕೋರ್ ಮೋಟರ್ ತಿರುಗಿ ಕೆಲಸ ಮುಗಿದ ಮೇಲೆ ಅದೇ ಮೋಟರಿನ ಕ್ಯಾಮ್ ಕರೆಂಟ್ ಕತ್ತರಿಸುತ್ತದೆ, ರಿಲೇ ಬಿಡುತ್ತದೆ. ಸರ್ಕ್ಯೂಟ್ ಹಾಳೆ ದೊಡ್ಡದು, ಮಂಚದ ಮೇಲೆ ಹಾಸಿ ನೋಡಬೇಕು. ಆದರೆ ಓದುವ ರೀತಿ ಮಿಲ್ ಪ್ಯಾನೆಲ್‌ನದೇ.

ಕೆಟ್ಟರೆ ಏನು ಕೆಡುತ್ತದೆ? ಕಾಂಟ್ಯಾಕ್ಟ್ ಕಪ್ಪಾಗುತ್ತದೆ, ಅದನ್ನು ಹಿಡಿದ ಲೋಹದ ಎಲೆ ಬಾಗುತ್ತದೆ, ತಂತಿ ಬೆಸುಗೆ ಬಿಡುತ್ತದೆ, ಕಾಯಿಲ್ ಸುಡುತ್ತದೆ. ಎಲ್ಲ ಕಣ್ಣಿಗೆ ಕಾಣುತ್ತದೆ. ದೀಪ ಆರಿಸಿ ಆಡಿಸಿ, ಕಿಡಿ ಎಲ್ಲಿ ಜಾಸ್ತಿ ಹಾರುತ್ತದೋ ಅಲ್ಲೇ ಕೆಲಸ. ಕಾಯಿಲ್ ಸುಟ್ಟರೆ ನಮ್ಮ ಊರಲ್ಲಿ ಮೋಟರ್ ವೈಂಡಿಂಗ್ ಅಂಗಡಿಗಳಿಗೆ ಬರವೇ? ಸುತ್ತು ಎಣಿಸಿ, ಅದೇ ಗೇಜಿನ ತಂತಿಯಲ್ಲಿ ಸುತ್ತಿ ಕೊಡುತ್ತಾರೆ.

ಗುಂಡಿ ಸರ್ಕಲ್

ಯಜಮಾನ್ರೇ, ನೀವು ಪಕ್ಕದ ಮನೆಯಲ್ಲಿ ಇದ್ದರೆ ಇಎಂ ತರಬಹುದು. ನೀವು ಇಲ್ಲದಿದ್ದರೆ?

ಕೋಟೆ ಊರಿನ ಮೇಷ್ಟ್ರು

ಗುಂಡಿ ಸರ್ಕಲ್‌ನವರು ಸರಿಯಾದ ಜಾಗಕ್ಕೇ ಕೈ ಇಟ್ಟರು.

ನಾನು ಚಿತ್ರದುರ್ಗ, ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತೇನೆ. ನನ್ನ ಓಟು ಏಟ್ ಬಾಲ್‌ಗೆ. ಇದು ಯಾವ ಕಾಲದ ವಸ್ತು ಅಂತ ಮೊದಲು ನೋಡಿ. 1974ರಲ್ಲಿ ಡೇವ್ ನಟಿಂಗ್ ಅನ್ನುವವರ ತಂಡ ಬ್ಯಾಲಿಯ ‘ಫ್ಲಿಕರ್’ ಅನ್ನುವ ರಿಲೇ ಮೆಷಿನ್ನನ್ನು ಬಿಚ್ಚಿ, ಅದರಲ್ಲಿ ಇಂಟೆಲ್ 4004 ಚಿಪ್ ಕೂರಿಸಿ ಆಡಿಸಿ ತೋರಿಸಿತು. ಆಮೇಲೆ ಮಿರ್ಕೊ ಅನ್ನುವ ಸಣ್ಣ ಕಂಪನಿ ‘ಸ್ಪಿರಿಟ್ ಆಫ್ 76’ ಅಂತ ಮಾರುಕಟ್ಟೆಗೇ ಬಿಟ್ಟಿತು. ಬ್ಯಾಲಿ 1977ರ ಹೊತ್ತಿಗೆ ಮೊಟೊರೊಲಾ 6800 ಚಿಪ್ ಹಿಡಿದು ಪೂರ್ತಿ ಈ ಕಡೆ ತಿರುಗಿತು. ಏಟ್ ಬಾಲ್ ಎಷ್ಟು ಹೋಯಿತು ಗೊತ್ತಾ? 20,230. 1992ರಲ್ಲಿ ‘ಆಡಮ್ಸ್ ಫ್ಯಾಮಿಲಿ’ 20,270 ಮಾರಾಟವಾಗುವ ತನಕ ಆ ದಾಖಲೆ ಹಾಗೇ ನಿಂತಿತ್ತು.

ಸಂಖ್ಯೆ ಯಾಕೆ ಹೇಳಿದೆ ಅಂದರೆ, ಜಾಸ್ತಿ ಮಾರಾಟವಾದ ಮೆಷಿನ್ನಿಗೆ ಇವತ್ತಿಗೂ ಬಿಡಿಭಾಗ ಸಿಗುತ್ತದೆ. ಅದರ ಮುಖ್ಯ ಬೋರ್ಡನ್ನು ಇವತ್ತು ಹೊಸದಾಗಿ ಮಾಡಿ ಮಾರುವವರಿದ್ದಾರೆ. ಕಾಯಿಲ್‌ಗಳಿಗೆ ಕರೆಂಟ್ ಬಿಡುವ ಡ್ರೈವರ್ ಬೋರ್ಡ್, ಡಿಸ್‌ಪ್ಲೇ ಕೂಡ ಸಿಗುತ್ತವೆ.

ಇನ್ನು ‘ಕಣ್ಣಿಗೆ ಕಾಣುತ್ತದೆ’ ಅನ್ನುವ ಮಾತು. ಬ್ಯಾಲಿ ಬೋರ್ಡಿನ ಮೇಲೆ ಒಂದು ಪುಟ್ಟ ಕೆಂಪು ಎಲ್‌ಇಡಿ ಇದೆ. ಸ್ವಿಚ್ ಹಾಕಿದ ತಕ್ಷಣ ಒಮ್ಮೆ ಮಿನುಗಿ, ಆಮೇಲೆ ಏಳು ಸಲ ಹೊಳೆಯಬೇಕು. ಒಂದೊಂದು ಹೊಳಪಿಗೂ ಒಂದೊಂದು ಪರೀಕ್ಷೆ. ಪ್ರೋಗ್ರಾಂ ಚಿಪ್ ಸರಿ ಇದೆಯಾ, ಮೆಮೊರಿ ಸರಿ ಇದೆಯಾ, ಹೀಗೆ. ಆರಕ್ಕೆ ನಿಂತರೆ ಬೋರ್ಡ್ ಬಹುತೇಕ ಚೆನ್ನಾಗಿದೆ, ಕಾಯಿಲ್‌ಗಳಿಗೆ ಹೋಗುವ 43 ವೋಲ್ಟ್ ಬರುತ್ತಿಲ್ಲ ಅಂತ ಅರ್ಥ. ಫ್ಯೂಸ್ ನೋಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯಿತು. 1977ರಲ್ಲೇ ಮೆಷಿನ್ ತನ್ನ ಕಾಯಿಲೆ ತಾನೇ ಹೇಳುತ್ತಿತ್ತು. ನಿಮ್ಮ ರಿಲೇ ಹೇಳುತ್ತದಾ?

ಮಿಲ್ ಎಲೆಕ್ಟ್ರಿಷಿಯನ್

ಹೇಳುತ್ತದೆ ಮೇಷ್ಟ್ರೇ, ಟಕ್ ಅಂತ. ಟಕ್ ಅನ್ನದಿದ್ದರೆ ಅದೇ ಕಾಯಿಲೆ.

ಆ ಬೋರ್ಡಿನ ಮೇಲೆ ಬೆಸುಗೆ ಹಾಕಿ ಕೂರಿಸಿದ ಬ್ಯಾಟರಿ ವಿಷಯ ಯಾಕೆ ಬಿಟ್ಟಿರಿ?

ಕೋಟೆ ಊರಿನ ಮೇಷ್ಟ್ರು

ಬಿಟ್ಟಿಲ್ಲ, ಅದಕ್ಕೇ ಬರುತ್ತಿದ್ದೆ. ಬ್ಯಾಲಿ ಬೋರ್ಡಿನಲ್ಲಿ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಕರೆಂಟ್ ಹೋದರೂ ಹೈ ಸ್ಕೋರ್, ಲೆಕ್ಕ ಎಲ್ಲ ನೆನಪಿನಲ್ಲಿ ಉಳಿಯಲಿ ಅಂತ. ಹತ್ತಿಪ್ಪತ್ತು ವರ್ಷ ಸುಮ್ನೆ ಬಿಟ್ಟರೆ ಅದು ಸೋರುತ್ತದೆ. ಸೋರಿದ್ದು ತಾಮ್ರದ ಗೆರೆಗಳನ್ನು ತಿನ್ನುತ್ತದೆ, ಚಿಪ್ ಕೂರುವ ಸಾಕೆಟ್‌ಗೆ ಹೋಗುತ್ತದೆ, ಕನೆಕ್ಟರ್ ಪಿನ್‌ಗೆ ಹೋಗುತ್ತದೆ. ಮೊದಲು ಹೊಡೆತ ಬೀಳುವುದು ಹೆಚ್ಚಾಗಿ ಚಿಪ್ಪನ್ನು ಶುರು ಮಾಡಿಸುವ ರೀಸೆಟ್ ಭಾಗಕ್ಕೆ. ಆಗ ಎಲ್‌ಇಡಿ ಹೊಳೆಯುವುದೇ ಇಲ್ಲ, ಇಲ್ಲವೇ ಆರುವುದೇ ಇಲ್ಲ.

ಹಾಗಾಗಿ ತಮ್ಮಾ, ಗೋಡೌನ್‌ಗೆ ಹೋದಾಗ ಮೊದಲು ಹಿಂದೆ ಎದ್ದು ನಿಂತ ಅಂಕಿಯ ಪೆಟ್ಟಿಗೆ, ಅಂದರೆ ತಲೆ, ತೆರೆಸು. ಬ್ಯಾಟರಿ ಸುತ್ತ ಹಸಿರು, ಬಿಳಿ ಪುಡಿ ಇದೆಯಾ ನೋಡು. ಸ್ವಲ್ಪ ಇದ್ದರೆ ಚಿಂತೆ ಇಲ್ಲ. ಬ್ಯಾಟರಿ ಕತ್ತರಿಸಿ ತೆಗೆದು, ವಿನೆಗರ್‌ಗೆ ನೀರು ಬೆರೆಸಿ ಬ್ರಷ್‌ನಲ್ಲಿ ಉಜ್ಜಿ, ನೀರಲ್ಲಿ ತೊಳೆದು, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ಒಣಗಿಸಬೇಕು. ಇನ್ನೊಂದು ಸಲ ಬೋರ್ಡಿನ ಮೇಲೆ ಬ್ಯಾಟರಿ ಹಾಕಲೇಬಾರದು. ತಂತಿ ಎಳೆದು ದೂರದಲ್ಲಿ ಇಡು. ಬ್ಯಾಟರಿಯೇ ಬೇಡದ ಮೆಮೊರಿ ಚಿಪ್ ಬರುತ್ತದೆ, ಅದನ್ನಾದರೂ ಹಾಕು.

ಅರ್ಧ ಬೋರ್ಡೇ ಹಸಿರಾಗಿದ್ದರೆ ಬೆಲೆಯಿಂದ ಒಂದು ಹೊಸ ಬೋರ್ಡಿನ ದುಡ್ಡು ಕಳೆದು ಮಾತಾಡು.

ಹರಿಹರ ಲೇತ್

ನೀವಿಬ್ಬರೂ ತಲೆಯ ಬಗ್ಗೆ ಜಗಳ ಆಡುತ್ತಿದ್ದೀರಿ. ಮೈ ಎರಡಕ್ಕೂ ಒಂದೇ.

ಆ ಕಾಲದ ಬೋರ್ಡ್ ಮೆಷಿನ್ ಅಂದರೆ ಇಎಂ ಮೈಗೆ ಕಂಪ್ಯೂಟರ್ ತಲೆ ಇಟ್ಟದ್ದು, ಅಷ್ಟೆ. ಗುಂಡಿ ಒತ್ತಿದರೆ ಚೆಂಡನ್ನು ಮೇಲಕ್ಕೆ ಹೊಡೆಯುವ ಫ್ಲಿಪ್ಪರ್, ತಾಗಿದ ಚೆಂಡನ್ನು ಒದೆಯುವ ಪಾಪ್ ಬಂಪರ್, ಚೆಂಡು ಎಗರಿಸುವ ಕಿಕ್ಕರ್, ರಬ್ಬರ್ ರಿಂಗ್, ಮೆಷಿನ್ ಜೋರಾಗಿ ಅಲುಗಾಡಿಸಿದರೆ ಆಟ ನಿಲ್ಲಿಸುವ ಟಿಲ್ಟ್‌ನ ತೂಗುಗುಂಡು ಎಲ್ಲ ಅದೇ. ಏಟ್ ಬಾಲ್‌ನಲ್ಲಿ ಚೈಮ್ ಕೂಡ ಲೋಹದ್ದೇ, ಕಾಯಿಲ್ ಹೊಡೆದರೆ ನಿಜವಾಗಿ ಟಿಣ್ ಅನ್ನುತ್ತದೆ. ಫ್ಲಿಪ್ಪರ್ ಗುಂಡಿ ಒತ್ತಿದಾಗ ಕರೆಂಟ್ ನೇರ ಕಾಯಿಲ್‌ಗೆ ಹೋಗುತ್ತದೆ, ಚಿಪ್ ನಡುವೆ ಬರುವುದೇ ಇಲ್ಲ. ಆಟ ನಡೆಯುತ್ತಿದೆ ಅಂತ ಒಂದು ರಿಲೇ ಹಿಡಿದಿದ್ದರೆ ಸಾಕು.

ನನ್ನ ಹತ್ತಿರ ಬರುವ ಕೆಲಸವೂ ಎರಡರದೂ ಒಂದೇ. ಫ್ಲಿಪ್ಪರ್ ಸಡಿಲ. ಕಾಯಿಲ್ ಒಳಗಿನ ಕೊಳವೆ ಸವೆದಿರುತ್ತದೆ, ಕಾಯಿಲ್ ಎಳೆಯುವ ಕಬ್ಬಿಣದ ಸರಳಿನ, ಅಂದರೆ ಪ್ಲಂಜರ್‌ನ, ತುದಿ ಅಣಬೆ ಹಾಗೆ ಅಗಲವಾಗಿ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ತುದಿ ಲೇತ್‌ಗೆ ಕೊಟ್ಟು ಅಂಚು ತೆಗೆಯುತ್ತೇನೆ, ಲಿಂಕ್ ತೂತಿಗೆ ಬುಷ್ ಹಾಕುತ್ತೇನೆ. ಒಂದು ವಿಷಯ, ಎಣ್ಣೆ ಹಾಕಬೇಡಿ. ಪ್ಲಂಜರ್‌ಗೂ ಹಾಕಬೇಡಿ, ಕೊಳವೆಗೂ ಹಾಕಬೇಡಿ. ನಮ್ಮ ಕಡೆ ದೂಳಿಗೆ ಆರು ತಿಂಗಳಲ್ಲಿ ಅದು ಅಂಟಾಗಿ ಎಲ್ಲ ಹಿಡಿದುಬಿಡುತ್ತದೆ.

ನೀಲಿ ಚೈಮ್

ನಾನು ದಾವಣಗೆರೆಯಲ್ಲಿ ಹುಟ್ಟಿ ಬೆಳೆದವಳು, ಈಗ ಬೆಂಗಳೂರು. ಮನೆಯಲ್ಲಿ ಎರಡೂ ಬಗೆಯ ಮೆಷಿನ್ ಇವೆ. ರಿಪೇರಿ ಮಾತು ಆಯಿತು, ಆಟದ ಮಾತು ಯಾರೂ ಆಡಲಿಲ್ಲವಲ್ಲ!

ಇಎಂನಲ್ಲಿ 500 ಪಾಯಿಂಟ್ ಹೊಡೆದರೆ ಒಂದೇ ಸಲ ಸೇರುವುದಿಲ್ಲ. ಸ್ಕೋರ್ ಮೋಟರ್ ಒಂದು ಪಾಲು ತಿರುಗಿ ಐದು ಸಲ ನೂರರ ಚಕ್ರವನ್ನು ತಳ್ಳುತ್ತದೆ. ಟಕ ಟಕ ಟಕ ಟಕ ಟಕ, ಜೊತೆಗೆ ಐದು ಸಲ ಚೈಮ್. ಅಂಕ ಬರುವುದು ಕೈಗೇ ತಾಗುತ್ತದೆ, ಮರದ ಪೆಟ್ಟಿಗೆ ಅಷ್ಟು ಅದುರುತ್ತದೆ. ಆ ಮೋಟರ್ ತಿರುಗುತ್ತಿರುವಾಗಲೇ ಚೆಂಡು ಇನ್ನೊಂದಕ್ಕೆ ತಾಗಿದರೆ ಎಷ್ಟೋ ಸಲ ಆ ಅಂಕ ಹೋದ ಹಾಗೇ. ಮೆಷಿನ್ ಇನ್ನೂ ಹಿಂದಿನ ಲೆಕ್ಕ ಮಾಡುತ್ತಿರುತ್ತದೆ. ಬೋರ್ಡ್ ಮೆಷಿನ್‌ನಲ್ಲಿ ಹಾಗಿಲ್ಲ, ಒಂದೊಂದು ತಾಗುವಿಕೆಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ಆಟದ ಓಟ ಬದಲಾಗುತ್ತದೆ.

ಇನ್ನೊಂದು ದೊಡ್ಡ ವ್ಯತ್ಯಾಸ ನೆನಪಿನದು. ಇಎಂನಲ್ಲಿ ಒಂದು ವಿಷಯ ನೆನಪಿಡಲು ಒಂದು ರಿಲೇಯೋ, ಹೆಜ್ಜೆ ಹೆಜ್ಜೆಯಾಗಿ ತಿರುಗಿ ಎಣಿಸುವ ಸ್ಟೆಪ್ಪರೋ ಬೇಕು. ನಾಲ್ಕು ಜನರ ಲೆಕ್ಕ ಬೇರೆ ಬೇರೆ ಇಡಬೇಕು ಅಂದರೆ ನಾಲ್ಕು ಪಟ್ಟು ಸಾಮಾನು. ಅದಕ್ಕೇ ನಾಲ್ಕು ಜನರ ಇಎಂನಲ್ಲಿ ಪಾಯಿಂಟ್ ಬಿಟ್ಟರೆ ಮಿಕ್ಕದ್ದೆಲ್ಲ ಸಾಮಾನ್ಯವಾಗಿ ಪ್ರತಿ ಸರದಿಗೂ ಹೊಸದಾಗಿ ಶುರು. ಏಟ್ ಬಾಲ್‌ನಲ್ಲಿ ನೀವು ಗೆದ್ದ ಬಿಲಿಯರ್ಡ್ಸ್ ಚೆಂಡುಗಳು ನಿಮ್ಮ ಮುಂದಿನ ಸರದಿಯಲ್ಲೂ ಹಾಗೇ ಹೊತ್ತಿರುತ್ತವೆ. ಮನೆಯಲ್ಲಿ ನಾಲ್ಕು ಜನ ಪೈಪೋಟಿಗೆ ನಿಂತರೆ ಇದರ ರುಚಿ ಗೊತ್ತಾಗುತ್ತದೆ. ಒಬ್ಬರೇ ಸಂಜೆ ಹೊತ್ತು ಆಡುವುದಾದರೆ ನನಗೆ ಇಎಂ. ನಾಲ್ಕು ಜನ ಸೇರಿದರೆ ಬೋರ್ಡಿನದು.

ಅಮ್ಮ ಜಾಗ ಕೊಡೋಕೆ ಹಿಂದೆಮುಂದೆ ನೋಡಿದ್ದು ಇದು ಜೂಜು ಅಂತಲೋ?

ಮಂಡಕ್ಕಿಭಟ್ಟಿ ಹುಡುಗ

ಹೌದು ಮೇಡಂ, ಕಾಸು ಹಾಕುವ ಬಾಯಿ ನೋಡಿ ‘ಇದು ಜಾತ್ರೆಯ ಜೂಜಿನ ಪೆಟ್ಟಿಗೆ’ ಅಂತ ಒಂದೇ ಮಾತು.

ನೀಲಿ ಚೈಮ್

ಅಮ್ಮನ ಅನುಮಾನವೇ ನ್ಯೂಯಾರ್ಕ್ ನಗರಕ್ಕೂ ಇತ್ತು ಅಂತ ಹೇಳಿ! 1940ರ ದಶಕದ ಶುರುವಿನಲ್ಲಿ ಅಲ್ಲಿ ಇದು ಜೂಜು ಅಂತ ನಿಷೇಧ ಮಾಡಿದ್ದರು. ಆಗ ಫ್ಲಿಪ್ಪರೇ ಇರಲಿಲ್ಲ, ಚೆಂಡು ಬಿಟ್ಟ ಮೇಲೆ ಎಲ್ಲ ಅದೃಷ್ಟ, ಹಾಗಾಗಿ ಅವರದ್ದೂ ಪೂರ್ತಿ ತಪ್ಪಲ್ಲ. ಫ್ಲಿಪ್ಪರ್ ಬಂದದ್ದು 1947ರಲ್ಲಿ, ಗಾಟ್ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ಯಲ್ಲಿ. ಆದರೂ ನಿಷೇಧ ಹೋಗಿದ್ದು 1976ರಲ್ಲಿ. ರಾಜರ್ ಶಾರ್ಪ್ ಅನ್ನುವ ಪಿನ್‌ಬಾಲ್ ಆಟಗಾರ ನಗರಸಭೆಯವರ ಎದುರೇ ಮೆಷಿನ್ ಆಡಿ, ಚೆಂಡನ್ನು ಈ ಹಾದಿಗೆ ಬಿಡುತ್ತೇನೆ ಅಂತ ಮೊದಲೇ ಹೇಳಿ, ಹೇಳಿದ ಹಾದಿಗೇ ಬಿಟ್ಟು ತೋರಿಸಿದರು. ನಿಮ್ಮ ಕ್ಯಾಪ್ಟನ್ ಕೂಡ ಅದೇ ವರ್ಷದ್ದು.

ಗುಂಡಿ ಸರ್ಕಲ್

ಅಮ್ಮನ ಎದುರು ಆಡಿ ತೋರಿಸೋಕೆ ಮೊದಲು ಮೆಷಿನ್ ಆನ್ ಆಗಬೇಕಲ್ಲ ಗುರುವೇ.

ಕೋಟೆ ಊರಿನ ಮೇಷ್ಟ್ರು

ಇಬ್ಬರ ಜಗಳಕ್ಕೆ ಆ ಕಾಲದ ತೀರ್ಪೇ ಇದೆ. 1978ರಲ್ಲಿ ಗಾಟ್ಲೀಬ್ ‘ಜೋಕರ್ ಪೋಕರ್’ ಅನ್ನುವ ಒಂದೇ ಆಟವನ್ನು ಎರಡೂ ಬಗೆಯಲ್ಲಿ ಬಿಟ್ಟಿತು. ಬೋರ್ಡಿನದು 9,280 ಮಾಡಿದರು. ರಿಲೇಯದು 820.

ಮಿಲ್ ಎಲೆಕ್ಟ್ರಿಷಿಯನ್

ಅದು ಅಂಗಡಿಯವರ ತೀರ್ಪು ಮೇಷ್ಟ್ರೇ, ಆಡುವವರದಲ್ಲ. ಕಾಸಿಗೆ ಆಡಿಸುವವನಿಗೆ ಮೆಕ್ಯಾನಿಕ್ ಕಮ್ಮಿ ಬರಬೇಕು, ಅಷ್ಟೇ ಬೇಕಾದದ್ದು.

ಅದೂ ಗಾಟ್ಲೀಬ್ ಬೋರ್ಡಿನ ಹೆಸರು ತೆಗೆದಿರಲ್ಲ! ಅವರ ಆ ಮೊದಲ ಬೋರ್ಡುಗಳಲ್ಲಿ ರಾಕ್‌ವೆಲ್ ಕಂಪನಿಯ ವಿಶೇಷ ಚಿಪ್‌ಗಳು. ಅವು ಹೋದರೆ ಅಂಗಡಿಯಲ್ಲಿ ಸಿಗುವ ಮಾಲಲ್ಲ. ಗ್ರೌಂಡ್ ತಂತಿ ಸರಿ ಇಲ್ಲದೆ ಎಷ್ಟು ಬೋರ್ಡ್ ಹಾಳಾದವು ಅಂತ ನಿಮಗೂ ಗೊತ್ತು. ಅದೇ ಆಟದ ರಿಲೇ ಮೆಷಿನ್‌ಗೆ ಇವತ್ತೂ ಬೇಕಾಗಿರುವುದು ಅರ, ಇಕ್ಕಳ, ತಾಳ್ಮೆ.

ಕೋಟೆ ಊರಿನ ಮೇಷ್ಟ್ರು

ಗಾಟ್ಲೀಬ್ ಬಗ್ಗೆ ನಿಮ್ಮ ಮಾತು ನೂರಕ್ಕೆ ನೂರು ನಿಜ. ಅದಕ್ಕೇ ಆ ಮೊದಲ ಬೋರ್ಡಿನ ಗಾಟ್ಲೀಬ್ ತಗೋ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬ್ಯಾಲಿಯ 6800 ಬೇರೆ ಮಾತು.

ಅರದ ಹೆಸರು ಬಂತಲ್ಲ, ಒಂದು ಎಚ್ಚರಿಕೆ. ಇಎಂನ ಬೆಳ್ಳಿ ಕಾಂಟ್ಯಾಕ್ಟ್‌ಗೆ ಸಣ್ಣ ಅರ ಆಡಿಸಬಹುದು, ಅಲ್ಲಿ ಕಿಡಿ ಹಾರುತ್ತದೆ, ಮಸಿ ಕೂರುತ್ತದೆ. ಬೋರ್ಡ್ ಮೆಷಿನ್‌ನ ಆಟದ ಹಲಗೆಯ ಸ್ವಿಚ್‌ಗಳಿಗೆ ಅರ ತಾಗಿಸಲೇಬಾರದು. ಅವುಗಳಲ್ಲಿ ಹರಿಯುವ ಕರೆಂಟ್ ತೀರಾ ಕಮ್ಮಿ, ತುದಿಗೆ ಚಿನ್ನದ ಲೇಪ ಇರುತ್ತದೆ. ಉಜ್ಜಿದರೆ ಲೇಪ ಹೋಯಿತು, ಸ್ವಿಚ್ ಹೋಯಿತು. ಒಂದು ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು ಮೆಲ್ಲಗೆ ಎಳೆದರೆ ಸಾಕು. ಫ್ಲಿಪ್ಪರ್ ಕೆಳಗಿನ ದಪ್ಪ ಸ್ವಿಚ್ ಮಾತ್ರ ಎರಡರಲ್ಲೂ ಟಂಗ್‌ಸ್ಟನ್, ಅದಕ್ಕೆ ಅರ ಬೇಕೇ ಬೇಕು.

ಹಾಗೇ ವೈಂಡಿಂಗ್ ಅಂಗಡಿಯವರಿಗೂ ಮೊದಲೇ ಹೇಳಿ. ಬೋರ್ಡ್ ಮೆಷಿನ್‌ನ ಕಾಯಿಲ್ ಡಿಸಿ ಮೇಲೆ ನಡೆಯುತ್ತದೆ, ಕಾಯಿಲ್ ಕಿವಿಗಳಿಗೆ ಒಂದು ಡಯೋಡ್ ಹಾಕಿರುತ್ತಾರೆ. ಇಎಂನ ಎಸಿ ಕಾಯಿಲ್‌ಗೆ ಅದು ಇರುವುದಿಲ್ಲ. ಸುತ್ತಿ ಕೊಡುವವರು ಡಯೋಡ್ ಬಿಟ್ಟರೆ, ಅಥವಾ ತಿರುಗಾಮುರುಗಾ ಹಾಕಿದರೆ, ಡ್ರೈವರ್ ಬೋರ್ಡಿನ ಟ್ರಾನ್ಸಿಸ್ಟರ್ ಠುಸ್. ಟ್ರಾನ್ಸಿಸ್ಟರ್ ಶಾರ್ಟ್ ಆಗಿ ನಿಂತರೆ ಕಾಯಿಲ್‌ಗೆ ಬಿಡುವಿಲ್ಲದೆ ಕರೆಂಟ್ ಹೋಗಿ ಅದೂ ಮತ್ತೆ ಸುಡುತ್ತದೆ.

ಮಂಡಕ್ಕಿಭಟ್ಟಿ ಹುಡುಗ

ಇದೆಲ್ಲ ಬರೆದಿಟ್ಟುಕೊಂಡೆ. ಕರೆಂಟ್ ವಿಷಯ? ಅವು ಅಮೆರಿಕದ 115 ವೋಲ್ಟ್, ನಮ್ಮದು 230. ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ಮುಗಿಯಿತಾ?

ಮಿಲ್ ಎಲೆಕ್ಟ್ರಿಷಿಯನ್

ವೋಲ್ಟ್ ಸರಿಹೋಗುತ್ತದೆ, ಹರ್ಟ್ಜ್ ಹೋಗುವುದಿಲ್ಲ. ಅಲ್ಲಿ 60, ಇಲ್ಲಿ 50. ಸ್ಕೋರ್ ಮೋಟರ್ ಎಸಿ ಮೋಟರ್, ಹಾಗಾಗಿ ಇಲ್ಲಿ ಆರರಲ್ಲಿ ಒಂದು ಪಾಲು ನಿಧಾನ ತಿರುಗುತ್ತದೆ. ಮೇಡಂ ಹೇಳಿದ ಆ ಐದು ಟಕಟಕ ಸ್ವಲ್ಪ ಎಳೆದ ಹಾಗೆ ಕೇಳುತ್ತದೆ. ಆಡೋಕೆ ತೊಂದರೆ ಏನಿಲ್ಲ. ಯೂರೋಪಿಗೆ ಹೋದ ಮೆಷಿನ್‌ಗಳೂ 50ರ ಮೇಲೇ ಆಡಿದವು.

ಟ್ರಾನ್ಸ್‌ಫಾರ್ಮರ್ ಮಾತ್ರ ನೋಡಿಕೊಳ್ಳಬೇಕು. 60 ಹರ್ಟ್ಜ್‌ಗೆ ಅಂತಲೇ ಮಾಡಿದ್ದನ್ನು ಅದೇ ವೋಲ್ಟೇಜಿನಲ್ಲಿ 50ಕ್ಕೆ ಹಾಕಿದರೆ ಜಾಸ್ತಿ ಬಿಸಿಯಾಗುತ್ತದೆ, ಗುಂಯ್‌ಗುಟ್ಟುತ್ತದೆ. ನಾನು ಸ್ಟೆಪ್‌ಡೌನ್ ಸುತ್ತಿಸುವಾಗ 105 ವೋಲ್ಟಿಗೆ ಒಂದು ಟ್ಯಾಪ್ ಬಿಡಿಸಿದ್ದೇನೆ, ಬೇಸಿಗೆಯಲ್ಲಿ ಅದರ ಮೇಲೇ ಓಡಿಸುತ್ತೇನೆ. ಅರ್ಥಿಂಗ್ ಮರೆಯಬೇಡಿ. ಹಳೇ ಮೆಷಿನ್ ಎಷ್ಟೋ ಎರಡೇ ಎಳೆ ತಂತಿಯಲ್ಲಿ ಬರುತ್ತವೆ, ಕೈ ಇಡುವ ಕಡೆಯೆಲ್ಲ ಲೋಹದ ಪಟ್ಟಿ. ಮೂರನೇ ತಂತಿ ಎಳೆಸಿ.

ಕೋಟೆ ಊರಿನ ಮೇಷ್ಟ್ರು

ಏಟ್ ಬಾಲ್‌ನಲ್ಲಿ ಸ್ಕೋರ್ ಮೋಟರೇ ಇಲ್ಲ, ಆ ಗೊಡವೆ ಇಲ್ಲ. ಬ್ಯಾಲಿಯ ಆ ಟ್ರಾನ್ಸ್‌ಫಾರ್ಮರ್‌ನಲ್ಲಿ ಬೇರೆ ದೇಶಗಳ ವೋಲ್ಟೇಜಿಗೂ ಟ್ಯಾಪ್ ಇರುತ್ತವೆ, ತಂತಿ ಬದಲಿಸಿ ಬೆಸುಗೆ ಹಾಕಿದರೆ ನೇರ ನಮ್ಮ ಕರೆಂಟಿಗೇ ಕೊಡಬಹುದು. ಆದರೆ ಸಂಜೆ ವೋಲ್ಟೇಜ್ ಬಿದ್ದಾಗ ನಾನು ಸೋಲೊಪ್ಪುತ್ತೇನೆ. ಇಎಂನಲ್ಲಿ ಫ್ಲಿಪ್ಪರ್ ಸ್ವಲ್ಪ ಸೋಮಾರಿಯಾಗುತ್ತದೆ, ಆಟ ನಡೆಯುತ್ತದೆ. ಇದರಲ್ಲಿ ಬೋರ್ಡಿನ 5 ವೋಲ್ಟ್ ಕುಸಿದರೆ ಆಟದ ನಡುವೆಯೇ ರೀಸೆಟ್. ಒಳ್ಳೇ ಸ್ಟೆಬಿಲೈಸರ್ ಬೇಕೇ ಬೇಕು. ಡಿಸ್‌ಪ್ಲೇಗೆ 170ರಿಂದ 190 ವೋಲ್ಟ್ ಡಿಸಿ ಹೋಗುತ್ತದೆ, ಆನ್ ಇದ್ದಾಗ ತಲೆಯೊಳಗೆ ಕೈ ಹಾಕಬೇಡ.

ಮಂಡಕ್ಕಿಭಟ್ಟಿ ಹುಡುಗ

ಗೋಡೌನ್‌ಗೆ ಹೋಗಿ ಬಂದೆ. ವರದಿ ಹೀಗಿದೆ.

ಏಟ್ ಬಾಲ್: ಬ್ಯಾಟರಿ ಸೋರಿದೆ. ಬ್ಯಾಟರಿ ಪಕ್ಕದಿಂದ ಹಸಿರು ಶುರುವಾಗಿ ಎರಡು ದೊಡ್ಡ ಚಿಪ್ ಸಾಕೆಟ್ ತನಕ ಬಂದಿದೆ. ಒಂದು ಚಿಪ್ ಎತ್ತಿ ನೋಡಿದರೆ ಎರಡು ಕಾಲು ಸಾಕೆಟ್‌ನಲ್ಲೇ ಉಳಿದವು. ಆದರೆ ಮುಂದಿನ ಗಾಜಿನ ಚಿತ್ರ ಹೊಸದರ ಹಾಗಿದೆ. ಆಟದ ಹಲಗೆಯೂ ಚೆನ್ನಾಗಿದೆ.

ಕ್ಯಾಪ್ಟನ್: ಇಲಿ ಗೂಡು ಕಟ್ಟಿತ್ತು, ನಾಲ್ಕೈದು ತಂತಿ ಕಡಿದಿದೆ. ಬಟ್ಟೆ ಹೊದಿಕೆಯ ತಂತಿ, ಬಣ್ಣ ಇನ್ನೂ ಗುರುತು ಸಿಗುತ್ತದೆ. ಸ್ಟೆಪ್ಪರ್‌ಗಳು ಗ್ರೀಸ್ ಗಟ್ಟಿಯಾಗಿ ಕೂತುಬಿಟ್ಟಿವೆ, ಕೈಯಲ್ಲಿ ತಿರುಗಿಸಿದರೂ ಸ್ಪ್ರಿಂಗ್ ವಾಪಸ್ ಎಳೆಯುವುದಿಲ್ಲ. ಕಾಯಿಲ್ ಒಂದೂ ಸುಟ್ಟಿಲ್ಲ. ಆದರೆ ಗಾಜಿನ ಹಿಂದಿನ ಬಣ್ಣ ದೀಪಗಳ ಹತ್ತಿರ ಸಿಪ್ಪೆ ಏಳುತ್ತಿದೆ.

ಈ ಗಾಜು ನೋಡಿಯೇ ಮನಸ್ಸು ಹಿಂದೆ ಸರಿಯುತ್ತಿದೆ.

ನೀಲಿ ಚೈಮ್

ಸಿಪ್ಪೆ ಎದ್ದ ಬಣ್ಣವನ್ನು ಯಾವ ಕಾರಣಕ್ಕೂ ಒರೆಸಬೇಡಿ, ಬಟ್ಟೆಗೇ ಬಂದುಬಿಡುತ್ತದೆ. ಹಿಂದಿನಿಂದ ಪಾರದರ್ಶಕ ಅಕ್ರಿಲಿಕ್ ಸ್ಪ್ರೇ ತೆಳುವಾಗಿ ಹೊಡೆದು ಇದ್ದಷ್ಟನ್ನು ಉಳಿಸಿಕೊಳ್ಳಬಹುದು. ಮೊದಲು ಮೂಲೆಯಲ್ಲಿ ಸ್ವಲ್ಪ ಹೊಡೆದು ನೋಡಿ. ಆಮೇಲೆ ಒಳಗಿನ ಬಲ್ಬ್ ಬದಲಿಸಿ. 44 ನಂಬರಿನ ಬಲ್ಬ್ 0.25 ಆಂಪಿಯರ್ ಎಳೆಯುತ್ತದೆ, 47 ನಂಬರಿನದು 0.15. ಬೆಳಕು ಕೊಂಚ ಕಮ್ಮಿ, ಬಿಸಿ ಎಷ್ಟೋ ಕಮ್ಮಿ. ನಮ್ಮೂರಿನ ಏಪ್ರಿಲ್‌ಗೆ ಅದೇ ಒಳ್ಳೆಯದು.

ಗಾಜು ಒಂದನ್ನೇ ನೋಡಿ ಬಿಡಬೇಡಿ. ಕಾಯಿಲ್ ಎಲ್ಲ ಚೆನ್ನಾಗಿರುವ ಇಎಂ ಸಿಗುವುದು ಕಷ್ಟ.

ಮಿಲ್ ಎಲೆಕ್ಟ್ರಿಷಿಯನ್

ಇಲಿ ಕಡಿದ ತಂತಿ ಒಂದು ಮಧ್ಯಾಹ್ನದ ಕೆಲಸ. ಸ್ಟೆಪ್ಪರ್ ಬಿಚ್ಚಿ, ಹಳೇ ಗ್ರೀಸ್ ಪೂರ್ತಿ ತೊಳೆದು, ಒಣಗಿಸಿ ಜೋಡಿಸಬೇಕು. ಮೇಲಿಂದ ಸ್ಪ್ರೇ ಹೊಡೆದು ‘ಸರಿಹೋಯ್ತು’ ಅನ್ನುವವರ ಮಾತು ಕೇಳಬೇಡಿ, ತಿಂಗಳಿಗೆ ಮತ್ತೆ ಕೂರುತ್ತದೆ. ಕ್ಯಾಪ್ಟನ್ ತಂದರೆ ಭಾನುವಾರ ನಾನೇ ಬರುತ್ತೇನೆ. ಟೆಸ್ಟ್ ಲ್ಯಾಂಪ್, ಮೀಟರ್ ನನ್ನದೇ ಇದೆ. ಮಂಡಕ್ಕಿ ಮಿರ್ಚಿ ನಿಮ್ಮದು.

ಕೋಟೆ ಊರಿನ ಮೇಷ್ಟ್ರು

ಚಿಪ್ ಕಾಲು ಸಾಕೆಟ್‌ನಲ್ಲೇ ಉಳಿಯಿತು ಅಂದರೆ ಆ ಬೋರ್ಡ್ ಮುಗಿಯಿತು ಅಂತಲೇ ಲೆಕ್ಕ ಹಾಕು. ಹೊಸ ಬೋರ್ಡ್ ತರಿಸಬೇಕು, ಕನೆಕ್ಟರ್ ಪಿನ್ ಎಲ್ಲ ಹೊಸದಾಗಿ ಒತ್ತಬೇಕು. ನಿನ್ನ ಪ್ರಶ್ನೆ ‘ದಾವಣಗೆರೆಯಲ್ಲೇ ಕೂತು’ ಅಂತ ಇತ್ತಲ್ಲ, ಹಾಗಾದರೆ ಕ್ಯಾಪ್ಟನ್ನೇ ತಗೋ. ಪಕ್ಕದಲ್ಲಿ ಯಜಮಾನರು ಬೇರೆ ಸಿಕ್ಕಿದ್ದಾರೆ. ಏಟ್ ಬಾಲ್ ಆಟ ಒಳ್ಳೆಯದು ಅನ್ನುವ ಮಾತು ಮಾತ್ರ ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಆ ವ್ಯಾಪಾರಿಯ ನಂಬರ್ ನನಗೆ ಖಾಸಗಿಯಾಗಿ ಕಳಿಸು. ಗಾಜು, ಹಲಗೆ ಅಷ್ಟು ಚೆನ್ನಾಗಿದ್ದರೆ ಬೋರ್ಡಿನ ದುಡ್ಡು ಕಳೆದು ನಾನು ಕೇಳಿ ನೋಡುತ್ತೇನೆ.

ಗುಂಡಿ ಸರ್ಕಲ್

ಅಂತೂ ಮೇಷ್ಟ್ರು ಸಲಹೆ ಕೊಡುತ್ತಾ ಕೊಡುತ್ತಾ ಮೆಷಿನ್ ಹೊಡೆದುಕೊಂಡರು.

ಹರಿಹರ ಲೇತ್

ಸಾಗಿಸುವಾಗ ಇಷ್ಟು ಮಾಡಿ. ಮೊದಲು ಉಕ್ಕಿನ ಚೆಂಡು ಹೊರಗೆ ತೆಗೆಯಿರಿ, ಒಳಗೆ ಬಿಟ್ಟರೆ ದಾರಿಯುದ್ದಕ್ಕೂ ಹಲಗೆಗೆ ಬಡಿಯುತ್ತದೆ. ತಲೆ ಮತ್ತು ಮೈ ನಡುವಿನ ಪ್ಲಗ್‌ಗಳಿಗೆ ನಂಬರ್ ಚೀಟಿ ಅಂಟಿಸಿ, ಆಮೇಲೆ ಬಿಚ್ಚಿ. ಚಿತ್ರದ ಗಾಜನ್ನು ತೆಗೆದು, ಬಣ್ಣದ ಕಡೆಗೆ ಏನೂ ಒತ್ತದ ಹಾಗೆ ನಿಲ್ಲಿಸಿ ತನ್ನಿ, ಮಲಗಿಸಬೇಡಿ. ಕಾಲು ಬಿಚ್ಚಿದ ಮೇಲೂ ತೂಕ 100 ಕಿಲೋ ಹತ್ತಿರ ಇರುತ್ತದೆ, ನಾಲ್ಕು ಜನ ಬೇಕು. ಸ್ಟೆಪ್ಪರ್ ಬಿಚ್ಚಿದಾಗ ಸವೆದ ಪಿನ್ ಸಿಕ್ಕರೆ ಎತ್ತಿಡಿ, ಲೇತ್‌ನಲ್ಲಿ ಹೊಸದು ಮಾಡಿಕೊಡುತ್ತೇನೆ.

ಮಂಡಕ್ಕಿಭಟ್ಟಿ ಹುಡುಗ

ಕ್ಯಾಪ್ಟನ್‌ಗೆ ಮುಂಗಡ ಕೊಟ್ಟೆ. ಶುಕ್ರವಾರ ಟೆಂಪೋ. ಮೇಷ್ಟ್ರೇ, ವ್ಯಾಪಾರಿ ಎರಡನ್ನೂ ಒಂದೇ ಗಾಡಿಗೆ ಹಾಕಿದರೆ ಬಾಡಿಗೆ ಅರ್ಧರ್ಧ ಅಂತ ಹೇಳುತ್ತಿದ್ದಾರೆ. ನಿಮ್ಮ ಮಾತು ಗುರುವಾರದ ಒಳಗೆ ಕುದುರಿದರೆ ಫೋನ್ ಮಾಡಿ, ಚಿತ್ರದುರ್ಗದ ತನಕ ನಾನೇ ಕಳಿಸಿಕೊಡುತ್ತೇನೆ.